ಹೊಗೆಯ ಲೆಕ್ಕ

‘ಕಾರ್ಖಾನೆಯ ಹೊಗೆಯೇ ನಾಳೆಯ ಇಂಧನ’ ಎಂಬ ಮಾತು ಈಚೆಗೆ ಮೇಲಿಂದ ಮೇಲೆ ಕಿವಿಗೆ ಬೀಳುತ್ತಿದೆ. ಇಂಗಾಲದ ಡೈಆಕ್ಸೈಡನ್ನು ಉಂಡು ಮಿಥೇನ್ ಅನಿಲ ಕೊಡುವ ಸೂಕ್ಷ್ಮಜೀವಿಗಳಿರುವುದು ನಿಜ. ಆರ್ಕಿಯಾ ಎಂಬ ಪ್ರಾಚೀನ ಕುಲದ ಇವು ದನದ ಹೊಟ್ಟೆಯಲ್ಲೂ ಗದ್ದೆಯ ಕೆಸರಿನಲ್ಲೂ ಅನಾದಿಯಿಂದ ಇದೇ ಕೆಲಸ ಮಾಡುತ್ತ ಬಂದಿವೆ. ಕೋಪನ್‌ಹೇಗನ್ ಬಳಿಯ ಅವೆಡೋರೆಯ ಕೊಳಚೆ ನೀರಿನ ಘಟಕದಲ್ಲಿ 1 ಮೆಗಾವ್ಯಾಟ್ ಪ್ರಮಾಣದ ಪ್ರಯೋಗವೂ ನಡೆದಿದೆ. ನನ್ನ ತಕರಾರು ವಿಜ್ಞಾನದ ಮೇಲಲ್ಲ. ಅದರ ಹೆಸರಿನಲ್ಲಿ ಮುಚ್ಚಿಡುವ ಲೆಕ್ಕದ ಮೇಲೆ.

ಈ ಜೀವಿಗಳಿಗೆ ಹೊಗೆಯೊಂದೇ ಸಾಲದು. ಇಂಗಾಲದ ಡೈಆಕ್ಸೈಡಿನ ಒಂದು ಅಣುವಿಗೆ ಜಲಜನಕದ ನಾಲ್ಕು ಅಣುಗಳು ಬೇಕು. ಆ ಜಲಜನಕವನ್ನು ವಿದ್ಯುತ್ತಿನಿಂದ ನೀರನ್ನು ಒಡೆದು ಪಡೆಯಬೇಕು. ಒಂದು ಟನ್ ಇಂಗಾಲದ ಡೈಆಕ್ಸೈಡಿಗೆ ಸುಮಾರು 180 ಕಿಲೋ ಜಲಜನಕ. ಕಿಲೋಗೆ 50 ಯೂನಿಟ್ಟಿನಂತೆ 9,000 ಯೂನಿಟ್ ವಿದ್ಯುತ್ತು. ನಮ್ಮ ದೇಶದ ವಿದ್ಯುತ್ತಿನ ಬಹುಪಾಲು ಕಲ್ಲಿದ್ದಲಿನದು. ಅದರ ಒಂದೊಂದು ಯೂನಿಟ್ಟಿಗೂ ಹೆಚ್ಚುಕಡಿಮೆ ಒಂದು ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಎಂದರೆ, ಒಂದು ಟನ್ ಹಿಡಿಯಲು ಒಂಬತ್ತು ಟನ್ ಬಿಟ್ಟಂತಾಯಿತು! ಹೀಗೆ ಪಡೆದ ಮಿಥೇನನ್ನು ಉರಿಸಿದಾಗ ಹಿಡಿದ ಆ ಒಂದು ಟನ್ನೂ ಗಾಳಿಗೇ ಮರಳುತ್ತದೆ.

‘ಸೌರವಿದ್ಯುತ್ತು ಬಳಸೋಣ’ ಎನ್ನುವವರಿದ್ದಾರೆ. ಬಿಸಿಲು, ಗಾಳಿಯ ವಿದ್ಯುತ್ತು ಮಿಕ್ಕಿ ಉಳಿಯುವಲ್ಲಿ ಅದನ್ನು ಕೂಡಿಡಲು ಇದೂ ಒಂದು ದಾರಿಯೆಂದು ಒಪ್ಪುತ್ತೇನೆ. ಆದರೆ ಕಲ್ಲಿದ್ದಲು ಉರಿಯುತ್ತಿರುವವರೆಗೆ ಸೌರವಿದ್ಯುತ್ತು ನೇರವಾಗಿ ತಂತಿಗೆ ಹರಿದು ಅಷ್ಟು ಕಲ್ಲಿದ್ದಲನ್ನು ಉಳಿಸುವುದೇ ಹೆಚ್ಚಿನ ಲಾಭ. ಮಿಥೇನಿನ ಸುತ್ತುದಾರಿ ಹಿಡಿದರೆ ಕೊಟ್ಟ ವಿದ್ಯುತ್ತಿನ ಮೂರರಲ್ಲಿ ಒಂದು ಪಾಲು ಮರಳಿ ಬಂದರೆ ಅದೇ ಹೆಚ್ಚು.

ಮುಂಬಯಿಯ ಕನ್ನಡಿಗರಿಗೆ ಮಾಟುಂಗಾ ಪರಿಚಿತ ನೆಲ. ಅಲ್ಲಿನ ಕುಷ್ಠಧಾಮದಲ್ಲಿ 19ನೆಯ ಶತಮಾನ ಮುಗಿಯುವ ಮೊದಲೇ ಕೊಳಚೆಯಿಂದ ಅನಿಲ ತೆಗೆದು ಎಂಜಿನ್ ಓಡಿಸಿದ್ದರು. ಹೊರಗಿನ ಜಲಜನಕ ಬೇಕಾಗಲಿಲ್ಲ. ಜೀವಿಗಳಿಗೆ ಬೇಕಾದುದೆಲ್ಲ ಆ ಕೊಳಚೆಯಲ್ಲೇ ಇತ್ತು. ಅದೇ ನಗರದ ದೇವನಾರ್ ಕಸದ ಗುಡ್ಡ 2016ರ ಜನವರಿಯಲ್ಲಿ ದಿನಗಟ್ಟಲೆ ಉರಿಯಿತು. ಕಸ ಕೊಳೆತು ಹುಟ್ಟುವ ಮಿಥೇನ್ ಇಂಥ ಬೆಂಕಿಗೆ ತುಪ್ಪ. ಉರಿಯದೆ ಸೋರಿದರೆ, ಇಪ್ಪತ್ತು ವರ್ಷಗಳ ಲೆಕ್ಕದಲ್ಲಿ, ಅದು ಇಂಗಾಲದ ಡೈಆಕ್ಸೈಡಿನ ಸುಮಾರು 80 ಪಟ್ಟು ಶಾಖವನ್ನು ಹಿಡಿದಿಡುತ್ತದೆ.

ಕಾಲಬುಡದಲ್ಲಿ ಸೋರುವ ಮಿಥೇನನ್ನು ಹಿಡಿಯಲಾರದವರು ಚಿಮಣಿಯ ತುದಿಯಲ್ಲಿ ಹೊಸ ಮಿಥೇನ್ ಮಾಡಲು ಹೊರಟಿದ್ದಾರೆ. ಹಿತ್ತಲ ಗಿಡ ಮದ್ದಲ್ಲವೇ? ಇನ್ನು ಮುಂದೆ ಯಾರಾದರೂ ಹೊಗೆಯನ್ನು ಇಂಧನವೆಂದರೆ ಒಂದೇ ಪ್ರಶ್ನೆ ಕೇಳೋಣ: ಜಲಜನಕದ ವಿದ್ಯುತ್ತು ಎಲ್ಲಿಯದು? ಉತ್ತರ ಬರುವವರೆಗೆ ನಮ್ಮ ಅಡುಗೆಮನೆಯ ಹಸಿಕಸವನ್ನು ಬೇರೆ ಇಡೋಣ. ಆ ಜೀವಿಗಳು ಅಲ್ಲಿ ಪುಕ್ಕಟೆ ದುಡಿಯಲು ಸಿದ್ಧವಾಗಿವೆ.