ಶಿಕ್ಷೆಗೆ ಮೊದಲು ತೀರ್ಪು ಕೊಡಿ!



ಎಲ್ಲೋ ಒಂದು ಘೋರ ಅಪರಾಧ ನಡೆದರೆ ಮರುದಿನ ನಾವು ಬೀದಿಗಿಳಿಯುತ್ತೇವೆ. ‘ಗಲ್ಲಿಗೇರಿಸಿ’ ಎನ್ನುತ್ತೇವೆ, ‘ಎನ್‌ಕೌಂಟರ್ ಮಾಡಿ’ ಎನ್ನುತ್ತೇವೆ. ಆ ಸಿಟ್ಟು ನಿಜ. ಮಗಳನ್ನು ಕಳೆದುಕೊಂಡ ತಾಯಿಗೆ ಸಮಾಧಾನದಿಂದಿರು ಎನ್ನಲು ನಾವ್ಯಾರು? ಆದರೆ ಆ ತಾಯಿಗೆ ಸಲ್ಲಬೇಕಾದ ನ್ಯಾಯ ಎಲ್ಲಿ ಸಿಕ್ಕಿಕೊಂಡಿದೆ ಎಂದು ಕೇಳಲೇಬೇಕು.

ಸರ್ಕಾರದ್ದೇ ಲೆಕ್ಕ ನೋಡಿ. 2022ರ ಕೊನೆಗೆ ದೇಶದ ಜೈಲುಗಳಲ್ಲಿದ್ದವರು 5,73,220 ಮಂದಿ. ಅವರಲ್ಲಿ 4,34,302 ಮಂದಿ ವಿಚಾರಣಾಧೀನ ಕೈದಿಗಳು. ಅಂದರೆ ನಾಲ್ವರಲ್ಲಿ ಮೂವರ ಮೇಲೆ ಇನ್ನೂ ತೀರ್ಪೇ ಬಂದಿರಲಿಲ್ಲ! ನೂರು ಜನರ ಜಾಗದಲ್ಲಿ 131 ಜನರನ್ನು ತುಂಬಲಾಗಿತ್ತು.

ಶಿಕ್ಷೆ ಯಾಕೆ ಬೇಕು? ನಾಲ್ಕು ಕಾರಣ ಹೇಳುತ್ತಾರೆ. ಒಂದೊಂದನ್ನೂ ಒರೆಗೆ ಹಚ್ಚೋಣ.

ಒಂದು: ಮಾಡಿದ್ದುಣ್ಣಬೇಕು

ಸರಿ, ಮಾಡಿದವನು ಉಣ್ಣಲಿ. ಮಾಡಿದ್ದಾನೋ ಇಲ್ಲವೋ ಗೊತ್ತಾಗುವ ಮೊದಲೇ ಉಣ್ಣಿಸಿದರೆ? ವರ್ಷಗಟ್ಟಲೆ ಒಳಗಿಟ್ಟು ಕೊನೆಗೆ ಖುಲಾಸೆ ಮಾಡಿದರೆ ಆ ವರ್ಷಗಳನ್ನು ಯಾರು ಹಿಂದಿರುಗಿಸುತ್ತಾರೆ? 2019ರ ಡಿಸೆಂಬರ್‌ನಲ್ಲಿ ಹೈದರಾಬಾದ್ ಬಳಿ ನಾಲ್ವರು ಅತ್ಯಾಚಾರ ಆರೋಪಿಗಳನ್ನು ಪೊಲೀಸರು ಗುಂಡಿಟ್ಟು ಕೊಂದಾಗ ಜನ ಹೂಮಳೆ ಸುರಿಸಿದರು. ಸುಪ್ರೀಂ ಕೋರ್ಟ್ ನೇಮಿಸಿದ ಆಯೋಗ ತನಿಖೆ ನಡೆಸಿ, ಕೊಲ್ಲುವ ಉದ್ದೇಶದಿಂದಲೇ ಗುಂಡು ಹಾರಿಸಲಾಗಿದೆ ಎಂದು ಹೇಳಿತು. ಆ ನಾಲ್ವರೇ ತಪ್ಪಿತಸ್ಥರೇ ಎಂಬುದನ್ನು ಇನ್ನು ಯಾವ ಕೋರ್ಟೂ ತೀರ್ಮಾನಿಸಲಾರದು.

ಎರಡು: ಹೆದರಿಕೆ ಇರಬೇಕು

2012ರ ದೆಹಲಿ ಸಾಮೂಹಿಕ ಅತ್ಯಾಚಾರ ಪ್ರಕರಣದ ನಂತರ, 2013ರಲ್ಲಿ ಕಾನೂನು ಬಿಗಿಯಾಯಿತು. 2018ರಲ್ಲಿ 12 ವರ್ಷದೊಳಗಿನ ಬಾಲಕಿಯರ ಮೇಲಿನ ಅತ್ಯಾಚಾರಕ್ಕೆ ಮರಣದಂಡನೆಯೂ ಸೇರಿತು. 2020ರ ಮಾರ್ಚ್ 20ರಂದು ತಿಹಾರ್‌ನಲ್ಲಿ ಆ ದೆಹಲಿ ಪ್ರಕರಣದ ನಾಲ್ವರನ್ನು ಗಲ್ಲಿಗೇರಿಸಿದರು. ಹೆಣ್ಣುಮಕ್ಕಳು ರಾತ್ರಿ ಬಸ್ಸು ಹತ್ತುವಾಗಿನ ಭಯ ಹೋಯಿತೇ? ನೀವೇ ಹೇಳಿ.

ಜೀವಾವಧಿಗಿಂತ ಗಲ್ಲು ಹೆಚ್ಚು ಹೆದರಿಸುತ್ತದೆ ಎನ್ನಲು ಪುರಾವೆ ಇಲ್ಲವೆಂದು ಕಾನೂನು ಆಯೋಗ 2015ರಲ್ಲೇ ತನ್ನ 262ನೇ ವರದಿಯಲ್ಲಿ ಹೇಳಿದೆ. ಬೆಳಗಾವಿಯ ಹಿಂಡಲಗಾ ಜೈಲಿನಲ್ಲಿ ಕೊನೆಯ ಗಲ್ಲು ನಡೆದದ್ದು 1983ರಲ್ಲಿ. ನಿಮ್ಮ ಪಕ್ಕದ ಮನೆಯವರು ನಿಮ್ಮನ್ನು ಕೊಲ್ಲದೆ ಬಿಟ್ಟಿರುವುದು ಆ ಕುಣಿಕೆಗೆ ಹೆದರಿ ಅಲ್ಲ! ಅಪರಾಧಿ ಹೆದರುವುದು ‘ಸಿಕ್ಕಿಬೀಳುತ್ತೇನೆ’ ಎನ್ನುವುದಕ್ಕೆ. ಇಟಲಿಯ ಚಿಂತಕ ಬೆಕಾರಿಯಾ 1764ರಲ್ಲೇ ಇದನ್ನು ಬರೆದ: ತಡೆಯುವುದು ಶಿಕ್ಷೆಯ ಕ್ರೌರ್ಯವಲ್ಲ, ಅದರ ಖಾತ್ರಿ. ಎಫ್‌ಎಸ್‌ಎಲ್ (ವಿಧಿವಿಜ್ಞಾನ ಪ್ರಯೋಗಾಲಯ) ವರದಿ ಬರುವುದಿಲ್ಲ, ಸಾಕ್ಷಿ ತಿರುಗಿ ಬೀಳುತ್ತಾನೆ, ವಾಯಿದೆ ಮೇಲೆ ವಾಯಿದೆ ಬೀಳುತ್ತದೆ. ಇಷ್ಟು ಗೊತ್ತಿರುವ ದುಷ್ಟನಿಗೆ ಯಾವ ಕಾನೂನಿನ ಭಯ?

ಮೂರು: ಅಪಾಯಕಾರಿಯನ್ನು ದೂರ ಇಡಬೇಕು

ಒಳಗಿರುವಷ್ಟು ಕಾಲ ಇದು ಕೆಲಸ ಮಾಡುತ್ತದೆ, ಒಪ್ಪೋಣ. ಆದರೆ ಒಳಗಿರುವವರು ಯಾರು? ದುಡ್ಡಿರುವವನು ದೊಡ್ಡ ವಕೀಲರನ್ನಿಟ್ಟು ಜಾಮೀನು ಪಡೆದು ಹೊರಬರುತ್ತಾನೆ. ಶ್ಯೂರಿಟಿಗೆ ಪಹಣಿ ತರಲಾಗದ ಕೂಲಿಯವನು, ಜಾಮೀನು ಸಿಕ್ಕರೂ ಒಳಗೇ ಉಳಿಯುತ್ತಾನೆ. 1978ರ ಮೋತಿರಾಮ್ ಪ್ರಕರಣದಲ್ಲಿ ಗಾರೆ ಕೆಲಸದವನೊಬ್ಬನಿಗೆ ಮ್ಯಾಜಿಸ್ಟ್ರೇಟರು ಹತ್ತು ಸಾವಿರದ ಶ್ಯೂರಿಟಿ ಕೇಳಿದ್ದರು. ಸಹೋದರನ ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಎಂದು ಅದನ್ನೂ ಒಪ್ಪಲಿಲ್ಲ. ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅಂದೇ ಇದನ್ನು ಖಂಡಿಸಿದರು. ಬಡತನ ಅಪಾಯಕಾರಿ ಗುಣವೇ?

ನಾಲ್ಕು: ತಿದ್ದಬೇಕು

ತಿದ್ದಬಹುದು. ರಂಗಾಯಣದ ಹುಲುಗಪ್ಪ ಕಟ್ಟೀಮನಿ ನಮ್ಮ ಜೈಲುಗಳ ಕೈದಿಗಳಿಂದಲೇ ನಾಟಕ ಆಡಿಸಿ ತೋರಿಸಿದ್ದಾರೆ. ದೇವನಹಳ್ಳಿ ತಾಲ್ಲೂಕಿನ ಬಯಲು ಬಂದೀಖಾನೆಯಲ್ಲಿ ಕೈದಿಗಳು ಬೇಸಾಯ ಮಾಡಿದ್ದಾರೆ. ಆದರೆ ಬಯಲು ಬಂದೀಖಾನೆ ಸಜಾ ಆದವರಿಗೆ. ಮೊಬೈಲ್ ಕದ್ದ ಆರೋಪದ ಮೇಲೆ ಮೊದಲ ಸಲ ಒಳಗೆ ಹೋದ ಹುಡುಗನಿಗೆ ತುಂಬಿ ತುಳುಕುವ ಬ್ಯಾರಕ್ಕೇ ಗತಿ. ಅಲ್ಲಿ ಅವನಿಗೆ ಪಾಠ ಹೇಳುವವರು ಯಾರು?

ನಾಲ್ಕರಲ್ಲಿ ಮೂರು ಪಾಲು ಕೈದಿಗಳ ವಿಷಯದಲ್ಲಿ ಶಿಕ್ಷೆಯ ಉದ್ದೇಶಗಳು ಹೀಗೆ ಸೋಲುತ್ತಿವೆ. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ತೀರಿಸಿಕೊಂಡರೆ ಸಂತ್ರಸ್ತರಿಗೆ ನ್ಯಾಯ ಸಿಗುವುದಿಲ್ಲ.

ನಮ್ಮ ಬೇಡಿಕೆಗಳು

1. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಂ ಜಾರಿ ಮಾಡಿ. ಹಿಂದೆಂದೂ ಶಿಕ್ಷೆಯಾಗದವರು ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ, ಉಳಿದವರು ಅರ್ಧ ಭಾಗ ಒಳಗೆ ಕಳೆದಿದ್ದರೆ ಬಿಡುಗಡೆಗೆ ಅರ್ಹರು. ಗಲ್ಲು, ಜೀವಾವಧಿ ಶಿಕ್ಷೆಯ ಪ್ರಕರಣಗಳಿಗೂ ಹಲವು ಕೇಸು ಬಾಕಿ ಇರುವವರಿಗೂ ಇದು ಅನ್ವಯಿಸದು. ಕೋರ್ಟಿಗೆ ಅರ್ಜಿ ಬರೆಯುವುದು ಜೈಲು ಅಧೀಕ್ಷಕರ ಕರ್ತವ್ಯ.
2. ನ್ಯಾಯಾಧೀಶರು, ಸರ್ಕಾರಿ ಅಭಿಯೋಜಕರು, ಎಫ್‌ಎಸ್‌ಎಲ್ ಸಿಬ್ಬಂದಿಯ ಖಾಲಿ ಹುದ್ದೆ ತುಂಬಿ.
3. ಸಾಕ್ಷಿಗಳಿಗೆ ರಕ್ಷಣೆ ಕೊಡಿ. ತನಿಖೆ ಎಲ್ಲಿಗೆ ಬಂತೆಂದು 90 ದಿನದೊಳಗೆ ಸಂತ್ರಸ್ತರಿಗೆ ತಿಳಿಸಬೇಕೆಂಬ ನಿಯಮ ಪಾಲಿಸಿ.
4. ಸಣ್ಣ ಅಪರಾಧಕ್ಕೆ ಮೊದಲ ಸಲ ಸಿಕ್ಕಿದವರಿಗೆ 1958ರ ಪ್ರೊಬೇಷನ್ ಕಾಯ್ದೆಯನ್ನೂ ಭಾರತೀಯ ನ್ಯಾಯ ಸಂಹಿತೆಯ ಸಮುದಾಯ ಸೇವೆಯನ್ನೂ ಬಳಸಿ.

ನೀವು ಇಂದೇ ಮಾಡಬಹುದಾದದ್ದು

ನಿಮ್ಮ ಕೇರಿಯವರು ಯಾರಾದರೂ ಜೈಲಿನಲ್ಲಿದ್ದರೆ 15100ಕ್ಕೆ ಫೋನ್ ಮಾಡಿ, ಅಥವಾ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ. ಬಂಧನದಲ್ಲಿರುವವರಿಗೆ ಆದಾಯ ಎಷ್ಟೇ ಇರಲಿ, ವಕೀಲರು ಉಚಿತ. ಜಾಮೀನಿನ ಹಣ ಕಟ್ಟಲಾಗದ ಬಡ ಕೈದಿಗೆ ನೆರವು ನೀಡುವ ಕೇಂದ್ರದ ಯೋಜನೆಯೂ 2023ರಿಂದ ಇದೆ, ಕೇಳಿ ಪಡೆಯಿರಿ. ನಂಬಿಕೆಯ ನೆರೆಯವರಿಗೆ ಶ್ಯೂರಿಟಿ ನಿಲ್ಲಿ. ಅಪರಾಧ ಕಣ್ಣಾರೆ ಕಂಡಿದ್ದರೆ ‘ನಮಗ್ಯಾಕೆ ಉಸಾಬರಿ’ ಎನ್ನದೆ ಕೋರ್ಟಿಗೆ ಬಂದು ಸಾಕ್ಷಿ ಹೇಳಿ. ಮತ ಕೇಳಲು ಬರುವವರಿಗೆ ಈ ನಾಲ್ಕು ಬೇಡಿಕೆ ಓದಿ ಹೇಳಿ, ಉತ್ತರ ಪಡೆಯದೆ ಬಿಡಬೇಡಿ.

ತಪ್ಪು ಮಾಡಿದವನಿಗೆ ತಪ್ಪದ ಶಿಕ್ಷೆ!
ತೀರ್ಪಿಲ್ಲದ ಸೆರೆಗೆ ಧಿಕ್ಕಾರ!
ನೊಂದವರಿಗೆ ಬೇಗ ನ್ಯಾಯ!

(ಓದಿ, ಪಕ್ಕದವರಿಗೆ ಕೊಡಿ.)