ಬಿ.ಕಾಂ. ಸರ್ಟಿಫಿಕೇಟು ಸೂಟ್‌ಕೇಸಲ್ಲೇ ಇರಬೇಕೆ?

ಮದುವೆಯಾಗಿ ಎಚ್-4 ವೀಸಾದಲ್ಲಿ ಅಮೆರಿಕಕ್ಕೆ ಹೋಗಿದ್ದೀರಿ. ಬಿ.ಕಾಂ.ನಲ್ಲಿ ಫಸ್ಟ್ ಕ್ಲಾಸ್ ಬಂದವರು ನೀವು. ಯಜಮಾನರು ಆಫೀಸಿಗೆ ಹೊರಟ ಮೇಲೆ ಜತೆಗಿರುವುದು ನಾಲ್ಕು ಗೋಡೆ ಮಾತ್ರ. ‘ಕೆಲ್ಸ ಮಾಡೋ ಹಾಗಿಲ್ಲ, ಓದಿ ಏನ್ಮಾಡ್ಲಿ?’ ಅಂತ ಕೂರಬೇಡಿ. ಪರವಾನಗಿ ಇಲ್ಲದೆ ದುಡಿಯುವಂತಿಲ್ಲ ನಿಜ, ಆದರೆ ಓದಲು ಅಡ್ಡಿಯಿಲ್ಲ.

ಹತ್ತಿರದ ಕಮ್ಯುನಿಟಿ ಕಾಲೇಜಿನಲ್ಲಿ ವಿಚಾರಿಸಿ. ಕ್ಯಾಲಿಫೋರ್ನಿಯಾದಲ್ಲಾದರೆ ರಾಜ್ಯದ ನಿವಾಸಿಗಳಿಗೆ ಯೂನಿಟ್‌ಗೆ 46 ಡಾಲರ್ ಶುಲ್ಕ, ಹೊರಗಿನವರಿಗೆ ಅದರ ಹಲವು ಪಟ್ಟು. ನೀವು ಯಾವ ಲೆಕ್ಕಕ್ಕೆ ಸೇರುತ್ತೀರಿ ಅಂತ ಮೊದಲೇ ಕೇಳಿಕೊಳ್ಳಿ.

ಅಡ್ವಾನ್ಸ್‌ಡ್ ಅಕೌಂಟಿಂಗ್ ಎಂಬ ಹೆಸರಿಗೇ ಹೆದರಬೇಡಿ. ಊರಲ್ಲಿ ಮಾಡಿದ ಹೋಲ್ಡಿಂಗ್ ಕಂಪನಿ ಲೆಕ್ಕವೇ ಅಲ್ಲಿ ಕನ್ಸಾಲಿಡೇಷನ್. ನಾವು ‘ಮೈನಾರಿಟಿ ಇಂಟರೆಸ್ಟ್’ ಅಂತ ಕಲಿತದ್ದು ಅಲ್ಲಿ ‘ನಾನ್‌ಕಂಟ್ರೋಲಿಂಗ್ ಇಂಟರೆಸ್ಟ್’. ಹಾಗಂತ ಎಲ್ಲಾ ಗೊತ್ತಿದೆ ಅನ್ನುವ ಭ್ರಮೆಯೂ ಬೇಡ. ದಾಸ್ತಾನಿನ ಬೆಲೆ ಕಟ್ಟಲು ನಮ್ಮ ನಿಯಮ ಒಪ್ಪದ ಲೈಫೋ ಪದ್ಧತಿಗೆ ಅಲ್ಲಿ ಅವಕಾಶವಿದೆ. ಇಂಥ ವ್ಯತ್ಯಾಸ ತಿಳಿಯಲಿಕ್ಕೇ ಕ್ಲಾಸಿಗೆ ಹೋಗಬೇಕು.

ಸಿಪಿಎ ಆಗುವ ಆಸೆಯಿದ್ದರೆ ಆ ರಾಜ್ಯದ ಅಕೌಂಟೆನ್ಸಿ ಮಂಡಳಿ ಈ ಕೋರ್ಸನ್ನು ಒಪ್ಪುತ್ತದೆಯೇ ಎಂದು ಖಚಿತಪಡಿಸಿಕೊಂಡೇ ಫೀ ಕಟ್ಟಿ.

ಗಂಡನ ಗ್ರೀನ್ ಕಾರ್ಡ್ ಅರ್ಜಿ ಒಂದು ಹಂತ ದಾಟಿದ್ದರೆ ಹೆಂಡತಿಗೂ ಕೆಲಸದ ಪರವಾನಗಿ ಕೊಡುವ ಪದ್ಧತಿ 2015ರಲ್ಲಿ ಬಂತು. ಅದು ನಿಮ್ಮ ಕೈಗೆ ಬರಲು ವರ್ಷಗಳೇ ಹಿಡಿಯಬಹುದು. ಬಂದ ದಿನ ‘ಇಷ್ಟು ದಿನ ಏನ್ಮಾಡ್ತಿದ್ರಿ?’ ಅಂತ ಯಾರಾದರೂ ಕೇಳಿದರೆ ತಲೆ ತಗ್ಗಿಸಬೇಡಿ. ‘ಓದ್ತಿದ್ದೆ’ ಅನ್ನಿ.