ಚೀಲಾ ಕಟ್ಟೋರು ನಾವು, ಊರು ಆರಸೋರು ಅವರು?

ನಮ್ಮನ್ಯಾಗ ಈ ಡಿಸೆಂಬರ್ ರಜಾಕ್ಕ ಶ್ರೀಲಂಕಾಕ್ಕ ಹೋಗೋ ಮಾತು ನಡದದ. ನಮ್ಮವರೂ ಭಾವನವರೂ ಕೂತು ಪಟ್ಟಿ ಮಾಡ್ಯಾರ: ಕೊಲಂಬೊ, ಸಿಗಿರಿಯಾ, ತ್ರಿಂಕೋಮಲಿ, ಕ್ಯಾಂಡಿ, ನುವಾರಾ ಎಲಿಯಾ, ಗಾಲೆ. ಐದ ದಿನದಾಗ! ಕೇಳಿದ್ರ, "ದೇಶ ಸಣ್ಣದದ, ಆಗ್ತದ" ಅಂತಾರ.

ದೇಶ ಸಣ್ಣದು, ಖರೆ. ಆದ್ರ ಸಿಗಿರಿಯಾದ ಬಂಡಿಗಲ್ಲು ಏರಲಿಕ್ಕೆ ಸುಮಾರು 1200 ಮೆಟ್ಟಲಾ ಅವ. ನಮ್ಮ ಅತ್ತಿಯವರ ಮೊಣಕಾಲು ಯಾರರೆ ಲೆಕ್ಕಾ ಹಿಡದಾರೇನು? ನುವಾರಾ ಎಲಿಯಾ 1800 ಮೀಟರಿಗಿಂತ ಎತ್ತರ, ರಾತ್ರಿ ಥಂಡಿ, ಕೊಲಂಬೊದಾಗ ಬೆವರು. ಸ್ವೆಟರೂ ಕಾಟನ್ ಸೀರಿನೂ ಒಂದ ಚೀಲದಾಗ ತುರಕೋದು ಯಾರು? ಗಾಲೆ ಕಡೆ ಮಳಿಗಾಲ ಮೇದಿಂದ ಸಪ್ಟೆಂಬರ್. ತ್ರಿಂಕೋಮಲಿ ಕಡೆ ಡಿಸೆಂಬರದಾಗ ಮಳಿ. ನಾವು ಹೊಂಟಿದ್ದು ಯಾವಾಗ? ಡಿಸೆಂಬರದಾಗ!

ಇನ್ನ ಊಟ. "ನೀ ಒಂದಿಷ್ಟು ಚಪಾತಿ ಮಾಡ್ಕೋ" ಅಂದ್ರು. ಯಾಕ? ಅಲ್ಲಿ ಅಪ್ಪ ಅದ, ಶಾವಿಗಿಹಂಗ ಒತ್ತಿದ ಇಡಿಯಪ್ಪ ಅದ, ಬ್ಯಾಳಿ ಸಾರದ. ಕೊಬ್ಬರಿ ಸಂಬೋಲದಾಗ ಒಣಮೀನಿನ ಪುಡಿ ಹಾಕ್ತಾರ, ಅದೊಂದು ಕೇಳಿ ತಿಂದ್ರಾತು.

ನಾ ತ್ರಿಂಕೋಮಲಿ, ಸಿಗಿರಿಯಾ ಎರಡೂ ಹೊಡದಹಾಕೀನಿ. ಕ್ಯಾಂಡಿಯೊಳಗ ಎರಡು ರಾತ್ರಿ, ಬುದ್ಧನ ಹಲ್ಲಿನ ಗುಡಿಯ ಸಂಜಿ ಪೂಜಿ ನೋಡೂದು. ಚಹಾ ತ್ವಾಟದಾಗ ಒಂದು, ಗಾಲೆಯ ಹಳೇ ಕೋಟಿಯೊಳಗ ಒಂದು. ಮನ್ಯಾಗ ಸಿಟ್ಟದ, ಇರಲಿ. ಅತ್ತಿಯವರು ಮಾತ್ರ ಸುಮ್ನ ನಕ್ಕು, ಬೂಟು ತರಸ್ಯಾರ.

ವೈನಿ, ಅಕ್ಕಾರ, ನೀವೂ ಚೀಲಾ ಕಟ್ಟೂ ಮೊದಲ ಪಟ್ಟಿ ಕೇಳ್ರಿ. ಪೆನ್ನೂ ಕೈಯಾಗ ಹಿಡೀರಿ.